ಸರ್ವರ್ ಸ್ವಂತದ್ದು, ಐಪಿ ಬಾಡಿಗೆಯದ್ದು: ಸೇಲಂ–ಧರ್ಮಪುರಿಯ ಸಣ್ಣ ವ್ಯಾಪಾರಿಯ ಮೇಲ್ ಎಲ್ಲಿ ನಿಲ್ತದೆ?

ಸೇಲಂ ಜಂಕ್ಷನ್‌ನಲ್ಲಿ ನಡುರಾತ್ರಿ ಮಂಗಳೂರು ಮೇಲ್ ಹತ್ತಿದವರು ಮರುದಿನ ಮಧ್ಯಾಹ್ನದ ಹೊತ್ತಿಗೆ ಮಂಗಳೂರು ಸೆಂಟ್ರಲ್‌ನಲ್ಲಿ ಇಳೀತಾರೆ. ಅದೇ ಸೇಲಂನಿಂದ ಹೊರಟ ಸಾಬಕ್ಕಿಯ ದರಪಟ್ಟಿಯ ಇಮೇಲ್ ಎರಡು ಸೆಕೆಂಡಿನಲ್ಲಿ ಬಂದರಿನ ಸಗಟು ಅಂಗಡಿಯ ಮೊಬೈಲ್‌ಗೆ ಬರಬೇಕು. ಎಷ್ಟೋ ಸಲ ಬರೋದೇ ಇಲ್ಲ. ಕಳಿಸಿದವರು "ನಿನ್ನೆಯೇ ಕಳಿಸಿದ್ದೇವೆ" ಅಂತಾರೆ, ಇಲ್ಲಿಯವರು "ಏನೂ ಬಂದಿಲ್ಲ" ಅಂತಾರೆ. ಎರಡೂ ನಿಜ. ಮೇಲ್ ಹೊರಟಿದೆ, ಆದರೆ ಗೂಗಲ್‌ನ ಬಾಗಿಲಲ್ಲಿ ಅದನ್ನು ನಿಲ್ಲಿಸಿ "ನೀನು ಯಾರು?" ಅಂತ ಕೇಳಿದ್ದಾರೆ, ಉತ್ತರ ಸಿಕ್ಕಿಲ್ಲ.

ಈ ಪ್ರಶ್ನೆ ಕಳೆದ ಎರಡು ವರ್ಷಗಳಲ್ಲಿ ಗಟ್ಟಿಯಾಗಿದೆ. ಗೂಗಲ್ ಮತ್ತು ಯಾಹೂ 2023ರ ಅಕ್ಟೋಬರ್‌ನಲ್ಲಿ ಘೋಷಿಸಿ, 2024ರ ಫೆಬ್ರವರಿಯಿಂದ ಹೊಸ ನಿಯಮ ಜಾರಿಗೆ ತಂದವು. ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಕಟ್ಟಳೆ ಹೆಚ್ಚು ಅನ್ನುವುದು ಸುದ್ದಿಯಾಯಿತು. ಆದರೆ ದಿನಕ್ಕೆ ಹತ್ತು ಮೇಲ್ ಕಳಿಸುವವರಿಗೂ ಒಂದು ಕಟ್ಟಳೆ ಉಂಟು ಎಂಬ ಮಾತು ಆ ಸುದ್ದಿಯಲ್ಲಿ ಮುಳುಗಿಹೋಯಿತು. ಜಿಮೇಲ್‌ಗೆ ಮೇಲ್ ಕಳಿಸುವ ಪ್ರತಿಯೊಂದು ಸರ್ವರ್‌ನ ಐಪಿ ವಿಳಾಸಕ್ಕೂ ಸರಿಯಾದ ರಿವರ್ಸ್ ಡಿಎನ್‌ಎಸ್ ಇರಲೇಬೇಕು. ಮೈಕ್ರೋಸಾಫ್ಟ್ ಕೂಡ 2025ರ ಮೇ 5ರಿಂದ ಔಟ್‌ಲುಕ್, ಹಾಟ್‌ಮೇಲ್ ಖಾತೆಗಳಿಗೆ ಭಾರೀ ಪ್ರಮಾಣದಲ್ಲಿ ಕಳಿಸುವವರ ಮೇಲೆ ತನ್ನ ನಿಯಮ ಬಿಗಿ ಮಾಡಿತು. 2025ರ ನವೆಂಬರ್‌ನಿಂದ ಗೂಗಲ್ ಎಚ್ಚರಿಕೆಯ ಹಂತ ದಾಟಿ, ನಿಯಮ ಪಾಲಿಸದ ಮೇಲ್‌ಗಳನ್ನು ತಿರಸ್ಕರಿಸುವುದನ್ನು ಹೆಚ್ಚಿಸಿದೆ. ಮೊದಲು ಸ್ಪ್ಯಾಮ್ ಪೆಟ್ಟಿಗೆಯಲ್ಲಾದರೂ ಸಿಗುತ್ತಿದ್ದ ಪತ್ರ ಈಗ ಅಲ್ಲಿಯೂ ಸಿಗದಿರಬಹುದು.

ಸೇಲಂ, ಧರ್ಮಪುರಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸೇಲಂ ಅಂದರೆ ಸಾಬಕ್ಕಿ. ಅಲ್ಲಿನ ಸಾಬಕ್ಕಿ ತಯಾರಕರ ಸಹಕಾರಿ ಸಂಸ್ಥೆ ಸಾಗೋಸರ್ವ್ 1981ರಲ್ಲಿ ಶುರುವಾಯಿತು, 2023ರಲ್ಲಿ ಸೇಲಂ ಸಾಬಕ್ಕಿಗೆ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ಶೆವ್ವಾಪೇಟೆಯಲ್ಲಿ ಬೆಳ್ಳಿ ಕಾಲ್ಗೆಜ್ಜೆಯ ಕೆಲಸ, ಲೀ ಬಜಾರಿನಲ್ಲಿ ಸಗಟು ವ್ಯಾಪಾರ. ಧರ್ಮಪುರಿ ಕಡೆ ಪಾಲಕ್ಕೋಡಿನ ಟೊಮೆಟೊ, ಮಾವು, ಹುಣಸೆ. ಧರ್ಮಪುರಿ 1965ರ ಅಕ್ಟೋಬರ್ 2ರಂದು ಸೇಲಂನಿಂದ ಬೇರೆಯಾದ ಜಿಲ್ಲೆ. ಅದಕ್ಕೂ ಹಿಂದೆ ಹೋದರೆ ಇದು ಬಾರಾಮಹಲ್. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಡಬೇಕಾಗಿ ಬಂದ ಸೀಮೆ. ಕನ್ನಡ ಮನೆಮಾತಿನ ಕುಟುಂಬಗಳು ಆ ಭಾಗದಲ್ಲಿ ಇಂದಿಗೂ ಉಂಟು. ಇಂಥ ಊರುಗಳ ವ್ಯಾಪಾರ ದೊಡ್ಡ ಕಂಪೆನಿಗಳ ಕೈಯಲ್ಲಿಲ್ಲ, ಇಬ್ಬರು ಮೂವರು ಗುಮಾಸ್ತರಿರುವ ಕಚೇರಿಗಳ ಕೈಯಲ್ಲಿದೆ. ಸೇಲಂನಲ್ಲಿ ಎಲ್ಕಾಟ್ ಐಟಿ ಪಾರ್ಕ್ ಉಂಟು, 2024ರಲ್ಲಿ ಟೈಡೆಲ್ ನಿಯೋ ಕಟ್ಟಡವೂ ತೆರೆಯಿತು. ಕಂಪ್ಯೂಟರ್ ಕಲಿತ ಹುಡುಗರು ಊರಲ್ಲೇ ಸಿಗ್ತಾರೆ. "ಒಬ್ಬೊಬ್ಬ ಗುಮಾಸ್ತನ ಹೆಸರಲ್ಲೂ ತಿಂಗಳು ತಿಂಗಳು ಬಾಡಿಗೆ ಯಾಕೆ ಕೊಡ್ಬೇಕು, ಒಂದು ಸರ್ವರ್ ನಾವೇ ಇಟ್ಟುಕೊಳ್ಳೋಣ" ಎಂಬ ಲೆಕ್ಕ ಇಂಥಲ್ಲೇ ಹುಟ್ಟೋದು. ಲೆಕ್ಕ ತಪ್ಪಲ್ಲ. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಒಂದು ಕಲಂ ಬಿಟ್ಟುಹೋಗಿರ್ತದೆ.

ಆ ಕಲಂ ಏನೆಂದು ನೋಡೋಣ. ಇಂಟರ್‌ನೆಟ್‌ನಲ್ಲಿ ಹೆಸರು ಹೇಳಿದರೆ ಮನೆ ತೋರಿಸುವ ವ್ಯವಸ್ಥೆ ಡಿಎನ್‌ಎಸ್. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಇದನ್ನು ರೂಪಿಸಿದರು, 1987ರಲ್ಲಿ ಈಗಿನ ರೂಪದ ನಿಯಮಗಳು ಬಂದವು. ರಿವರ್ಸ್ ಡಿಎನ್‌ಎಸ್ ಅಂದರೆ ಅದರ ಉಲ್ಟಾ: ಮನೆ ತೋರಿಸಿ "ಇದು ಯಾರದ್ದು?" ಅಂತ ಕೇಳಿದರೆ ಹೆಸರು ಹೇಳುವುದು. ಇದಕ್ಕೆ ಇರುವ ದಾಖಲೆಯ ಹೆಸರು ಪಿಟಿಆರ್. ಉದಾಹರಣೆಗೆ 203.0.113.25 ಎಂಬ ಐಪಿ ತೆಗೆದುಕೊಳ್ಳಿ. (ಈ ಸಂಖ್ಯೆಯ ಸಾಲು ಉದಾಹರಣೆಗಾಗಿಯೇ ಮೀಸಲಿಟ್ಟದ್ದು, ಯಾರ ಸರ್ವರೂ ಅಲ್ಲ.) ಇದರ ಹೆಸರು ಹುಡುಕುವಾಗ ಸಂಖ್ಯೆಗಳನ್ನು ಹಿಂದುಮುಂದು ಮಾಡಿ 25.113.0.203 ಎಂದು ಬರೆದು, ಕೊನೆಗೆ ಇನ್-ಆಡ್ರ್.ಅರ್ಪಾ ಎಂಬ ಬಾಲ ಸೇರಿಸಿ ಕೇಳುತ್ತಾರೆ. ಅಲ್ಲಿ ಒಂದು ಹೆಸರು ಸಿಗಬೇಕು. ಆ ಹೆಸರನ್ನು ಮತ್ತೆ ನೇರ ದಾರಿಯಲ್ಲಿ ಹುಡುಕಿದರೆ ಅದೇ 203.0.113.25ಕ್ಕೆ ಬಂದು ನಿಲ್ಲಬೇಕು. ಹೋಗುವ ದಾರಿ, ಬರುವ ದಾರಿ ಎರಡೂ ಕೂಡಿದರೆ ಮಾತ್ರ ಗೂಗಲ್ ಒಪ್ಪೋದು.

ಮೊದಲ ದಿನಗಳಲ್ಲಿ ಇದು ಬರೀ ಅನುಕೂಲಕ್ಕಾಗಿ ಇದ್ದದ್ದು. ತೊಂಬತ್ತರ ದಶಕದಲ್ಲಿ ಸ್ಪ್ಯಾಮ್ ಹಾವಳಿ ಶುರುವಾದ ಮೇಲೆ ಇದು ಗುರುತಿನ ಚೀಟಿಯಂತಾಯಿತು. ಯಾಕೆಂದರೆ ವೈರಸ್ ಹಿಡಿದ ಯಾರದೋ ಮನೆಯ ಕಂಪ್ಯೂಟರ್ ಲಕ್ಷ ಮೇಲ್ ಕಳಿಸಬಲ್ಲದು, ಆದರೆ ತನ್ನ ಐಪಿಗೆ ತಾನೇ ಹೆಸರು ಇಟ್ಟುಕೊಳ್ಳಲಾರದು.

ಎಡವಟ್ಟು ಆಗೋದು ಇಲ್ಲೇ. ಡೊಮೈನ್ ಹೆಸರು ದುಡ್ಡು ಕೊಟ್ಟು ಕೊಂಡದ್ದು, ಅದರ ಡಿಎನ್‌ಎಸ್ ಪ್ಯಾನೆಲ್‌ನ ಪಾಸ್‌ವರ್ಡ್ ಕೈಯಲ್ಲೇ ಇದೆ. ಹಾಗಾಗಿ ಹುಡುಗರು ಅದೇ ಪ್ಯಾನೆಲ್‌ನಲ್ಲಿ ಪಿಟಿಆರ್ ಸಾಲೊಂದನ್ನು ಸೇರಿಸಿ, ಎರಡು ದಿನ ಕಾದು, ಆಗಲಿಲ್ಲ ಅಂತ ತಲೆ ಕೆಡಿಸಿಕೊಳ್ತಾರೆ. ಆಗೋದಿಲ್ಲ. ಹೆಸರಿನ ದಾಖಲೆ ಹೆಸರಿನ ಮಾಲಕನ ಕೈಯಲ್ಲಿದ್ದರೆ ಸಂಖ್ಯೆಯ ದಾಖಲೆ ಸಂಖ್ಯೆಯ ಮಾಲಕನ ಕೈಯಲ್ಲಿ. ಕಟ್ಟಡದ ಮಾಲಕ ಕೆಳಗೆ ಮೆಟ್ಟಿಲ ಹತ್ತಿರದ ಬೋರ್ಡಿನಲ್ಲಿ ಬಾಡಿಗೆದಾರರ ಹೆಸರು ಬರೆಸಿದಂತೆ ಇದು. ಬಾಡಿಗೆದಾರ ತನ್ನ ಬಾಗಿಲಿಗೆ ಎಷ್ಟು ದೊಡ್ಡ ಫಲಕ ಹಾಕಿದರೂ ಕೆಳಗಿನ ಬೋರ್ಡ್ ಬದಲಾಗೋದಿಲ್ಲ.

ಸಂಖ್ಯೆಗಳ ಮಾಲಕರು ಯಾರು? ಏಷ್ಯಾ-ಪೆಸಿಫಿಕ್ ವಲಯಕ್ಕೆ ಏಪ್ನಿಕ್ ಎಂಬ ನೋಂದಣಿ ಸಂಸ್ಥೆ ಉಂಟು. ಭಾರತದಲ್ಲಿ 2003ರಲ್ಲಿ ಹುಟ್ಟಿದ ನಿಕ್ಸಿಯ ಅಡಿಯಲ್ಲಿ ಐರಿನ್ ಎಂಬ ವಿಭಾಗ 2012ರಿಂದ ಐಪಿ ಹಂಚುವ ಕೆಲಸ ಮಾಡ್ತಾ ಉಂಟು. ಅವರಿಂದ ದೊಡ್ಡ ಟೆಲಿಕಾಂ ಕಂಪೆನಿ ಅಥವಾ ಡೇಟಾ ಸೆಂಟರ್ ಗುತ್ತಿಗೆ ಪಡೆಯುತ್ತದೆ, ಅವರಿಂದ ಜಿಲ್ಲೆಯ ಇಂಟರ್‌ನೆಟ್ ಕಂಪೆನಿ, ಅವರಿಂದ ಬೀದಿಯ ಕೇಬಲ್ ಆಪರೇಟರ್, ಕೊನೆಗೆ ಅಂಗಡಿ. ಪಾಲಕ್ಕೋಡಿನ ಅಂಗಡಿಗೆ ವೈರು ಎಳೆದುಕೊಟ್ಟ ಆಪರೇಟರ್‌ಗೆ ಪಿಟಿಆರ್ ಅಂದರೆ ಏನೆಂದು ಗೊತ್ತಿಲ್ಲದಿದ್ದರೆ ಅದು ಅವರ ತಪ್ಪಲ್ಲ. ಆ ಅಧಿಕಾರ ಅವರ ಕೈಗೆ ಬಂದೇ ಇಲ್ಲ. 256ಕ್ಕಿಂತ ಸಣ್ಣ ತುಂಡಿನ ಐಪಿಗಳಿಗೂ ಈ ಅಧಿಕಾರವನ್ನು ಗ್ರಾಹಕರಿಗೆ ವಹಿಸಿಕೊಡುವ ವಿಧಾನ 1998ರಲ್ಲೇ ಪ್ರಕಟವಾಗಿದೆ. ಮನಸ್ಸು ಮಾಡಿದರೆ ಕೊಡಬಹುದು. ಸಣ್ಣ ಗ್ರಾಹಕನಿಗಾಗಿ ಯಾರು ಮನಸ್ಸು ಮಾಡ್ತಾರೆ ಅನ್ನುವುದೇ ಪ್ರಶ್ನೆ.

ಇದಕ್ಕಿಂತ ಕೆಟ್ಟ ಸ್ಥಿತಿ ಎಂದರೆ ಸ್ವಂತಕ್ಕೆ ಐಪಿಯೇ ಇಲ್ಲದಿರುವುದು. ಐಪಿವಿ4 ವಿಳಾಸಗಳು ಮುಗಿಯುತ್ತಾ ಬಂದು ನಮ್ಮ ವಲಯದಲ್ಲಿ 2011ರ ಏಪ್ರಿಲ್‌ನಿಂದಲೇ ಪಡಿತರ ಶುರುವಾಗಿದೆ. ಹಾಗಾಗಿ ಮನೆ, ಅಂಗಡಿಯ ಬ್ರಾಡ್‌ಬ್ಯಾಂಡ್‌ನಲ್ಲಿ ನೂರಾರು ಗ್ರಾಹಕರು ಒಂದೇ ಐಪಿಯ ಹಿಂದೆ ಕೂರುತ್ತಾರೆ. ರೌಟರ್‌ನಲ್ಲಿ ಕಾಣುವ ವಿಳಾಸ 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಶುರುವಾದರೆ ಅದು ಹಂಚಿಕೆಯ ಸಾಲು ಎಂದು ತಿಳಿಯಬೇಕು. ಅಲ್ಲಿ ಮೇಲ್ ಸರ್ವರ್ ಇಡುವ ಮಾತೇ ಇಲ್ಲ. ಸ್ಥಿರ ಐಪಿ ಕೊಂಡರೂ ಅದು ಮನೆಬಳಕೆಯ ಸಾಲಿಗೆ ಸೇರಿದ್ದರೆ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಪಟ್ಟಿಯಲ್ಲಿ ಇರುವ ಸಾಧ್ಯತೆ ಹೆಚ್ಚು. "ಇಲ್ಲಿಂದ ನೇರವಾಗಿ ಮೇಲ್ ಬರಬಾರದು" ಅಂತ ಹೇಳುವ ಪಟ್ಟಿ ಅದು.

ಹಾಗಾಗಿ ಹೆಚ್ಚಿನವರು ಅಂಗಡಿಯಲ್ಲಿ ಪೆಟ್ಟಿಗೆ ಇಡುವ ಬದಲು ಕ್ಲೌಡ್‌ನಲ್ಲಿ ಸರ್ವರ್ ಬಾಡಿಗೆಗೆ ಹಿಡಿಯುತ್ತಾರೆ. ಮುಂಬೈ, ಬೆಂಗಳೂರು, ಚೆನ್ನೈಯಲ್ಲೇ ಇಂಥ ಸೇವೆ ಸಿಗ್ತದೆ. ಅಲ್ಲಿಯೂ ಒಬ್ಬೊಬ್ಬರ ಕಾನೂನು ಒಂದೊಂದು. ಗೂಗಲ್ ಕ್ಲೌಡ್ 25ನೇ ಪೋರ್ಟಿನಿಂದ ಹೊರಗೆ ಮೇಲ್ ಹೋಗುವುದನ್ನು ತಡೆಯುತ್ತದೆ. ಅಝೂರ್‌ನಲ್ಲಿ ಹೆಚ್ಚಿನ ಖಾತೆಗಳಿಗೆ ತಡೆ ಉಂಟು. ಡಿಜಿಟಲ್ ಓಷನ್ ಕೂಡ ಮುಚ್ಚಿಯೇ ಕೊಡುತ್ತದೆ. ಅಮೆಜಾನ್‌ನಲ್ಲಿ ಅರ್ಜಿ ಹಾಕಿ ತೆರೆಸಿಕೊಳ್ಳಬೇಕು, ಅದರ ಸ್ಥಿರ ಐಪಿಗೆ ಪಿಟಿಆರ್ ಇಟ್ಟುಕೊಳ್ಳುವ ಅವಕಾಶ ಉಂಟು. ಒಂದು ವರ್ಷದ ಬಾಡಿಗೆ ಮುಂಗಡ ಕಟ್ಟಿದ ಮೇಲೆ ಇದನ್ನು ತಿಳಿದುಕೊಂಡವರ ಪಾಡು ಬೇಡ ಮಾರಾಯ್ರೆ. ಕೇಳಬೇಕಾದ ಪ್ರಶ್ನೆ ಎರಡೇ: 25ನೇ ಪೋರ್ಟ್ ತೆರೆದು ಕೊಡ್ತೀರಾ, ಪಿಟಿಆರ್ ನಾವು ಹೇಳಿದ ಹೆಸರಿಗೆ ಹಾಕಿಕೊಡ್ತೀರಾ. ದುಡ್ಡು ಕಟ್ಟುವ ಮೊದಲೇ ಕೇಳಬೇಕು.

ಇನ್ನು ಮಾಡುವ ಕ್ರಮ. ಇದನ್ನು ಸ್ವಲ್ಪ ನಿಧಾನಕ್ಕೆ ಓದಬೇಕು, ಯಾಕೆಂದರೆ ಹಂತಗಳನ್ನು ಹಿಂದುಮುಂದು ಮಾಡಿದರೆ ಕೆಲಸ ಕೆಡ್ತದೆ. ಧರ್ಮಪುರಿಯ ಒಂದು ಹುಣಸೆ ಮಂಡಿಯವರ ಡೊಮೈನ್ ಅಂಗಡಿ.ಇನ್ ಅಂತ ಇಟ್ಟುಕೊಳ್ಳೋಣ. ಮೊದಲು ಸರ್ವರ್‌ಗೆ ಒಂದು ಹೆಸರು ಕೊಡಬೇಕು, ಮೇಲ್.ಅಂಗಡಿ.ಇನ್. ಡೊಮೈನ್ ಪ್ಯಾನೆಲ್‌ಗೆ ಹೋಗಿ ಆ ಹೆಸರು 203.0.113.25ಕ್ಕೆ ಹೋಗುವಂತೆ ಎ ದಾಖಲೆ ಹಾಕಬೇಕು. ಇದು ಮೊದಲು ಆಗಲೇಬೇಕು. ಅಮೆಜಾನ್, ಲಿನೋಡ್‌ನಂಥ ಕಡೆಗಳಲ್ಲಿ ನೇರ ದಾಖಲೆ ಇಲ್ಲದೆ ಪಿಟಿಆರ್ ಹಾಕಲು ಬಿಡೋದೇ ಇಲ್ಲ. ಆಮೇಲೆ ಐಪಿ ಕೊಟ್ಟವರ ಪ್ಯಾನೆಲ್‌ನಲ್ಲಿ, ಅಲ್ಲಿ ಅವಕಾಶ ಇಲ್ಲದಿದ್ದರೆ ಅವರಿಗೆ ಬರೆದು, ಪಿಟಿಆರ್ ಅನ್ನು ಮೇಲ್.ಅಂಗಡಿ.ಇನ್ ಎಂದು ಹಾಕಿಸಬೇಕು. ಕೆಲವು ಕಡೆ ಇದು ನಿಮಿಷದಲ್ಲಿ ಆಗ್ತದೆ, ಕೆಲವು ಕಡೆ ದಿನ ಹಿಡೀತದೆ. ಮೂರನೆಯದಾಗಿ ಮೇಲ್ ತಂತ್ರಾಂಶವು, ಅದು ಪೋಸ್ಟ್‌ಫಿಕ್ಸ್ ಇರಲಿ ಬೇರೆ ಯಾವುದೇ ಇರಲಿ, ಬಾಗಿಲು ತಟ್ಟುವಾಗ ಹೇಳುವ ಹೆಸರೂ ಇದೇ ಆಗಿರಬೇಕು. ಒಳಗೆ ಲೋಕಲ್‌ಹೋಸ್ಟ್ ಎಂದು ಹೇಳಿಕೊಂಡು, ಹೊರಗೆ ಬೋರ್ಡಿನಲ್ಲಿ ಬೇರೆ ಹೆಸರಿದ್ದರೆ ಸಂಶಯ ಬರೋದು ಸಹಜ.

ಕಂಪೆನಿಯವರು ತಾವಾಗಿ ಹಾಕಿರುವ ಪಿಟಿಆರ್ ಸಾಕಾಗೋದಿಲ್ಲವೇ? "ಸ್ಟ್ಯಾಟಿಕ್" ಎಂಬ ಪದದ ಜೊತೆ ಐಪಿಯ ಅಂಕೆಗಳನ್ನೇ ಪೋಣಿಸಿದ ಹೆಸರು ಹೆಚ್ಚಿನ ಐಪಿಗಳಿಗೆ ಇರ್ತದೆ. ಅದು ಇಲ್ಲದ್ದಕ್ಕಿಂತ ಮೇಲು. ಆದರೆ ಇಂಥ ಯಂತ್ರದ ಹೆಸರುಗಳನ್ನು ಮನೆಯ ಕನೆಕ್ಷನ್ ಎಂದು ಭಾವಿಸಿ ತಳ್ಳಿಹಾಕುವ ಸರ್ವರ್‌ಗಳು ಬೇಕಾದಷ್ಟು ಉಂಟು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸಬೇಕು. ಒಂದೇ ಸರ್ವರ್‌ನಲ್ಲಿ ಅಪ್ಪನ ಮಂಡಿ, ಮಗನ ಬಟ್ಟೆ ಅಂಗಡಿ, ಟ್ರಸ್ಟಿನ ಶಾಲೆ ಅಂತ ಮೂರು ಡೊಮೈನ್ ಇದ್ದರೆ ಮೂರು ಪಿಟಿಆರ್ ಬೇಕು ಅಂತ ಕೆಲವರು ಹಾಕಿಸ್ತಾರೆ. ಬೇಡ. ಪಿಟಿಆರ್ ಹೇಳೋದು ಯಂತ್ರದ ಹೆಸರು, ಪತ್ರ ಬರೆದವರ ಹೆಸರಲ್ಲ. ಒಂದು ಐಪಿಗೆ ಒಂದು ಹೆಸರು ಸಾಕು, ಅದು ಮುಂದೆ ಹಿಂದೆ ಕೂಡಿಬರಬೇಕು ಅಷ್ಟೆ. ಬರೆದವರು ಯಾರು ಅನ್ನೋದನ್ನು ನೋಡಿಕೊಳ್ಳಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಬೇರೆ ದಾಖಲೆಗಳಿವೆ. ಅವು ಡೊಮೈನ್ ಪ್ಯಾನೆಲ್‌ನಲ್ಲೇ, ಅಂದರೆ ನಮ್ಮ ಕೈಯಲ್ಲೇ ಇವೆ, ಮೂರು ಡೊಮೈನ್‌ಗೂ ಬೇರೆ ಬೇರೆ ಹಾಕಬೇಕು.

ಎಲ್ಲ ಸರಿ ಮಾಡಿದ ಮೇಲೂ ಜಿಮೇಲ್ ತಿರಸ್ಕರಿಸಿದರೆ? ನೂರಕ್ಕೆ ನೂರು ಹೇಳಲಾಗದು, ಆದರೆ ಮೊದಲು ನೋಡಬೇಕಾದ್ದು ಐಪಿವಿ6. ಇವತ್ತಿನ ಕ್ಲೌಡ್ ಸರ್ವರ್‌ಗಳಿಗೆ ಎರಡು ವಿಳಾಸ ಇರ್ತವೆ, ಹಳೆಯ ಐಪಿವಿ4 ಮತ್ತು ಉದ್ದದ ಐಪಿವಿ6. ಹುಡುಗರು ಹಳೆಯದಕ್ಕೆ ಪಿಟಿಆರ್ ಹಾಕಿಸಿ ಕೈ ತೊಳೆದುಕೊಳ್ತಾರೆ. ಸರ್ವರ್ ಮಾತ್ರ ಗೂಗಲ್‌ಗೆ ಹೋಗುವಾಗ ಹೊಸ ದಾರಿ ಹಿಡಿದಿರ್ತದೆ, ಆ ದಾರಿಯಲ್ಲಿ ಅದಕ್ಕೆ ಹೆಸರೇ ಇಲ್ಲ. ಇಲ್ಲಿ ಹುಡುಕೋದು ಐಪಿ6.ಅರ್ಪಾ ಎಂಬ ಬಾಲದ ಅಡಿಯಲ್ಲಿ, ಒಂದೊಂದು ಅಂಕೆಯನ್ನೂ ಚುಕ್ಕಿ ಹಾಕಿ ಬಿಡಿಸಿ. ಒಂದೋ ಇದಕ್ಕೂ ಪಿಟಿಆರ್ ಮತ್ತು ನೇರ ದಾಖಲೆ ಎರಡನ್ನೂ ಹಾಕಿಸಬೇಕು, ಇಲ್ಲದಿದ್ದರೆ ಮೇಲ್ ತಂತ್ರಾಂಶಕ್ಕೆ ಐಪಿವಿ4 ದಾರಿಯಲ್ಲೇ ಹೋಗು ಅಂತ ಕಟ್ಟಳೆ ಮಾಡಬೇಕು. ಎರಡನೆಯದು ಸುಲಭ.

ವಾಪಸ್ ಬಂದ ಮೇಲ್‌ನಲ್ಲಿ ಇರುವ ಸಂಖ್ಯೆಯನ್ನು ಯಾರೂ ಓದೋದಿಲ್ಲ, ಓದಿದರೆ ಅರ್ಧ ಕೆಲಸ ಆದಂತೆ. 5.7.25 ಎಂದಿದ್ದರೆ ಪಿಟಿಆರ್ ಇಲ್ಲ, ಅಥವಾ ಮುಂದೆ ಹಿಂದೆ ಕೂಡಿಬರುತ್ತಿಲ್ಲ ಎಂದು ಗೂಗಲ್ ಹೇಳ್ತಾ ಉಂಟು. ಔಟ್‌ಲುಕ್‌ನಿಂದ 5.7.515 ಬಂದರೆ ಅದು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಕಡೆಯ ತಕರಾರು.

ಬಾಡಿಗೆ ಐಪಿಯ ಇನ್ನೊಂದು ಕಷ್ಟ ಹಳೆಯ ಬಾಡಿಗೆದಾರ. ಸಾಲ ಮಾಡಿ ಓಡಿಹೋದವನ ಅಂಗಡಿಯನ್ನು ಹಿಡಿದರೆ ಸಾಲಗಾರರು ಹೊಸಬನ ಬಾಗಿಲಿಗೂ ಬರ್ತಾರಲ್ಲ, ಹಾಗೆ. ಆ ಐಪಿಯಿಂದ ಹಿಂದೆ ಯಾರೋ ಸ್ಪ್ಯಾಮ್ ಕಳಿಸಿದ್ದರೆ ಪಿಟಿಆರ್ ಚಿನ್ನದ ಅಕ್ಷರದಲ್ಲಿ ಬರೆಸಿದರೂ ಪ್ರಯೋಜನ ಇಲ್ಲ. ಸರ್ವರ್ ಕೈಗೆ ಬಂದ ಮೊದಲ ದಿನವೇ ಕಪ್ಪುಪಟ್ಟಿಗಳನ್ನು ನೋಡಿ, ಹೆಸರಿದ್ದರೆ ಆ ಐಪಿಯನ್ನು ಹಿಂದಿರುಗಿಸುವುದು ಲೇಸು.

ಇಷ್ಟೆಲ್ಲ ಯಾಕೆ, ಸುಮ್ಮನೆ ಗೂಗಲ್‌ಗೋ ಮೈಕ್ರೋಸಾಫ್ಟ್‌ಗೋ ದುಡ್ಡು ಕೊಟ್ಟು ಕೂರಬಾರದೇ? ಹೆಚ್ಚಿನ ಅಂಗಡಿಗಳಿಗೆ ಅದೇ ಸರಿ. ಆದರೆ 2025ರ ಜುಲೈಯಲ್ಲಿ ನಡೆದದ್ದನ್ನೂ ನೆನಪಿಡಬೇಕು. ಗುಜರಾತಿನ ವಾಡಿನಾರ್‌ನಲ್ಲಿ ವರ್ಷಕ್ಕೆ 2 ಕೋಟಿ ಟನ್ ತೈಲ ಸಂಸ್ಕರಿಸುವ ಸಾಮರ್ಥ್ಯದ ನಯಾರಾ ಎನರ್ಜಿ ಭಾರತದ ಕಂಪೆನಿ. ಅದರಲ್ಲಿ ರಷ್ಯಾದ ರೋಸ್‌ನೆಫ್ಟ್‌ಗೆ ಶೇ. 49ರಷ್ಟು ಪಾಲು. ಜುಲೈ 18ರಂದು ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು, ನೌಕರರ ಇಮೇಲ್ ಬಂದ್ ಆಯಿತು. ಕಂಪೆನಿ ದಿಲ್ಲಿ ಹೈಕೋರ್ಟ್‌ಗೆ ಹೋಯಿತು, ತಿಂಗಳ ಕೊನೆಗೆ ಸೇವೆ ಮರಳಿತು. ನಮ್ಮ ದೇಶದ ಯಾವ ಕಾನೂನನ್ನೂ ಮುರಿಯದೆ, ಹಣ ಪಾವತಿಸಿದ್ದರೂ ಇದಾಯಿತು. ಅಷ್ಟು ದೊಡ್ಡವರು ಕೋರ್ಟ್‌ಗೆ ಹೋಗಬಲ್ಲರು. ಶೆವ್ವಾಪೇಟೆಯ ಗೆಜ್ಜೆ ವ್ಯಾಪಾರಿಯ ಖಾತೆ ಯಾವುದೋ ಯಂತ್ರದ ತೀರ್ಮಾನದಿಂದ ಮುಚ್ಚಿದರೆ ಅವರು ಎಲ್ಲಿಗೆ ಹೋಗಬೇಕು?

ಕೇಂದ್ರ ಸರಕಾರವೂ ಇದೇ ಲೆಕ್ಕ ಹಾಕಿದಂತಿದೆ. ಸುಮಾರು 12 ಲಕ್ಷ ನೌಕರರ ಇಮೇಲ್ ಚೆನ್ನೈ ಮೂಲದ ಝೋಹೋದ ವ್ಯವಸ್ಥೆಗೆ ಹೋಗಿದೆ. 2025ರ ಅಕ್ಟೋಬರ್ 8ರಂದು ಗೃಹಸಚಿವ ಅಮಿತ್ ಶಾ ತಾನೂ ಝೋಹೋ ಮೇಲ್‌ಗೆ ಬಂದೆ ಎಂದು ಪ್ರಕಟಿಸಿದರು. ಸ್ವದೇಶಿ ಎಂಬ ಮಾತು ಕೇಳಲು ಹಿತ. ಆದರೆ ಒಬ್ಬ ಯಜಮಾನನಿಂದ ಇನ್ನೊಬ್ಬ ಯಜಮಾನನಿಗೆ ಹೋಗುವುದಕ್ಕೂ ಸ್ವಂತ ಕಾಲ ಮೇಲೆ ನಿಲ್ಲುವುದಕ್ಕೂ ವ್ಯತ್ಯಾಸ ಉಂಟು. ಸ್ವದೇಶಿ ಎಂದು ಹೇಳುವ ಸರಕಾರ, ಸಣ್ಣ ಪಟ್ಟಣದ ಇಂಟರ್‌ನೆಟ್ ಕಂಪೆನಿಗಳು ಸ್ಥಿರ ಐಪಿಯ ಜೊತೆಗೆ ಪಿಟಿಆರ್ ಅನ್ನೂ ಕೇಳಿದ ಗ್ರಾಹಕನಿಗೆ ಇಂತಿಷ್ಟು ದಿನದೊಳಗೆ ಹಾಕಿಕೊಡಬೇಕು ಎಂಬ ಒಂದು ಸಾಲಿನ ನಿಯಮ ತಂದರೆ ಸೇಲಂ, ಧರ್ಮಪುರಿಯಂಥ ಊರುಗಳಿಗೆ ಆಗುವ ಉಪಕಾರ ಸಣ್ಣದಲ್ಲ.

ಇದರ ಜೊತೆ ಹೊಣೆಯೂ ಬರ್ತದೆ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸರ್ವರ್‌ನ ಲಾಗ್‌ಗಳನ್ನು 180 ದಿನ ಉಳಿಸಬೇಕು, ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಸರ್ವರ್ ಸ್ವಂತದ್ದು ಅಂದ ಮೇಲೆ ಅದು ಯಾರದೋ ತಲೆನೋವಲ್ಲ.

ಮತ್ತೊಂದು ವಿಷಯವನ್ನು ಲೆಕ್ಕಪತ್ರ ನೋಡುವವರು ಗಮನಿಸಬೇಕು. ಸ್ವಂತ ಸರ್ವರ್ ಇಟ್ಟವರು ಉತ್ಸಾಹದಲ್ಲಿ, ಪಿಟಿಆರ್ ಸರಿ ಇಲ್ಲದ ಯಾರ ಮೇಲೂ ಒಳಗೆ ಬರಬಾರದು ಎಂದು ಪೋಸ್ಟ್‌ಫಿಕ್ಸ್‌ನಲ್ಲಿ ಬಿಗಿ ಮಾಡುವುದುಂಟು. ಸ್ಪ್ಯಾಮ್ ಕಡಿಮೆಯಾಗ್ತದೆ, ನಿಜ. ಆದರೆ ಕಳಿಸುವ ಕಚೇರಿಯ ಸರ್ವರ್‌ನಲ್ಲೇ ದೋಷ ಇದ್ದರೆ ಅದರ ಪತ್ರವೂ ಬಾಗಿಲಿಂದ ವಾಪಸ್. ಜಿಎಸ್‌ಟಿ ಕಾಯ್ದೆಯ 169ನೇ ಕಲಂ ನೋಂದಣಿ ವೇಳೆ ಕೊಟ್ಟ ಇಮೇಲ್‌ಗೆ ಕಳಿಸುವುದನ್ನೂ ನೋಟಿಸ್ ಜಾರಿಯ ಒಂದು ಮಾರ್ಗವಾಗಿ ಒಪ್ಪುತ್ತದೆ. "ನಮ್ಮ ಸರ್ವರ್ ತಗೊಳ್ಳಲಿಲ್ಲ" ಎನ್ನುವ ಸಬೂಬು ಅಧಿಕಾರಿಯ ಮುಂದೆ ಎಷ್ಟು ನಡೆದೀತು? ಪಿಟಿಆರ್ ಇಲ್ಲದ್ದಕ್ಕೆ ಅಂಕ ಕಳೆದು ಸ್ಪ್ಯಾಮ್ ಪೆಟ್ಟಿಗೆಗೆ ಹಾಕುವುದು, ಆ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ನೋಡುವುದು, ಇದು ಸಣ್ಣ ಕಚೇರಿಗೆ ತಕ್ಕದ್ದು.

ಜಮಾಅತ್ ಕಮಿಟಿ, ಶಾಲೆಯ ಟ್ರಸ್ಟ್, ವಿದ್ಯಾರ್ಥಿವೇತನ ಕೊಡುವ ಸಂಘಗಳಿಗೂ ಇದೇ ಕಥೆ. ಗಲ್ಫ್‌ನಲ್ಲಿರುವ ದಾನಿಗೆ ರಶೀದಿ ಹೋಗಿಲ್ಲ ಅಂದರೆ ಮುಂದಿನ ರಮಝಾನ್‌ಗೆ ಆತ ಕೇಳೋದು ರಶೀದಿಯನ್ನಲ್ಲ, ಲೆಕ್ಕವನ್ನು. ಇಂಥ ಸಂಸ್ಥೆಗಳಿಗೆ ನಡುವಿನ ದಾರಿಯೊಂದುಂಟು: ಒಳಬರುವ ಮೇಲ್, ಹಳೆಯ ಕಡತ ಎಲ್ಲ ಸ್ವಂತ ಸರ್ವರ್‌ನಲ್ಲಿ ಇಟ್ಟುಕೊಂಡು, ಹೊರಹೋಗುವುದನ್ನು ಮಾತ್ರ ಒಳ್ಳೆಯ ಹೆಸರಿರುವ ರಿಲೇ ಸೇವೆಯ ಮೂಲಕ ಕಳಿಸುವುದು. ಆಗ ಗೂಗಲ್ ನೋಡೋದು ರಿಲೇಯವರ ಐಪಿ, ರಿಲೇಯವರ ಪಿಟಿಆರ್. ನಾಳೆ ಆ ಸೇವೆ ಕೈಕೊಟ್ಟರೆ ಇನ್ನೊಂದಕ್ಕೆ ಹೋಗಬಹುದು, ಕಡತ ನಮ್ಮಲ್ಲೇ ಇರ್ತದೆ. ದಿನಕ್ಕೆ ನೂರಿನ್ನೂರು ಮೇಲ್ ಕಳಿಸುವ ಪಾಲಕ್ಕೋಡಿನ ಮಂಡಿಗೂ ಸದ್ಯಕ್ಕೆ ಇದೇ ಕಡಿಮೆ ತಲೆಬಿಸಿಯ ದಾರಿ. ಬೀದಿಯ ಕೇಬಲ್ ಆಪರೇಟರ್ ಕೈಗೆ ಪಿಟಿಆರ್ ಬರುವ ತನಕವಾದರೂ.